ಕೊಟ್ಟಿದ್ದೇವೆ, ಬಂದಿಲ್ಲ: ಒಂದೇ ಪದ, ಎರಡು ಲೆಕ್ಕ

ಮಂಡ್ಯದಲ್ಲಿ ಯಾವ ಪಕ್ಷದ ರೈತ ಸಮಾವೇಶಕ್ಕೆ ಹೋದರೂ ಎರಡು ಮಾತಿನಲ್ಲಿ ಒಂದು ಕಿವಿಗೆ ಬೀಳುತ್ತದೆ. "ಖರ್ಚಿನ ಒಂದೂವರೆ ಪಟ್ಟು ಬೆಂಬಲ ಬೆಲೆ ಕೊಟ್ಟಿದ್ದೇವೆ" ಅನ್ನುವುದು ಒಂದು. "ಒಂದೂವರೆ ಪಟ್ಟು ಕೊಡ್ತೀವಿ ಅಂದವರು ಕೊಟ್ಟೇ ಇಲ್ಲ" ಅನ್ನುವುದು ಇನ್ನೊಂದು. ಕೇಳುವವರು ಇಬ್ಬರಲ್ಲಿ ಒಬ್ಬರದು ಸುಳ್ಳು ಅಂದುಕೊಂಡು, ತಮಗೆ ಬೇಕಾದವರ ಕಡೆ ಚಪ್ಪಾಳೆ ತಟ್ಟಿ ಮನೆಗೆ ಬರುತ್ತಾರೆ.

ಆದರೆ ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ 'ಖರ್ಚು' ಅನ್ನುವಾಗ ಬೇರೆ ಬೇರೆ ಲೆಕ್ಕ ಇಟ್ಟುಕೊಂಡಿದ್ದಾರೆ, ಅಷ್ಟೆ. ನಮ್ಮ ರಾಜಕೀಯ ಜಗಳಗಳಲ್ಲಿ ಬಹಳಷ್ಟು ಹೀಗೇ ಇವೆ ಅಂತ ನನಗೆ ಅನಿಸುತ್ತದೆ. ಪದ ಒಂದೇ, ಅದರೊಳಗೆ ಏನು ಸೇರುತ್ತದೆ ಅನ್ನುವುದು ಬೇರೆ. ಅದನ್ನು ಬಿಡಿಸಿ ನೋಡದೆ ಗಂಟಲು ಹರಿಯುವ ಹಾಗೆ ಕೂಗಾಡಿದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಮೊದಲು ಈ ಒಂದೂವರೆ ಪಟ್ಟನ್ನೇ ಬಿಡಿಸೋಣ. ಬೆಂಬಲ ಬೆಲೆ ಎಷ್ಟಿರಬೇಕು ಅಂತ ಕೇಂದ್ರಕ್ಕೆ ಶಿಫಾರಸು ಮಾಡುವುದು ಕೃಷಿ ವೆಚ್ಚ ಮತ್ತು ಬೆಲೆ ಆಯೋಗ. ಅದು ಖರ್ಚನ್ನು ಮೆಟ್ಟಿಲು ಮೆಟ್ಟಿಲಾಗಿ ಲೆಕ್ಕ ಹಾಕುತ್ತದೆ. ಬೀಜ, ಗೊಬ್ಬರ, ಔಷಧಿ, ಟ್ರ್ಯಾಕ್ಟರ್ ಬಾಡಿಗೆ, ನಾಟಿ ಕೂಲಿ, ಬೇರೆಯವರ ಜಮೀನು ಮಾಡಿದ್ದರೆ ಅದರ ಗುತ್ತಿಗೆ, ಹೀಗೆ ಕೈ ಬಿಟ್ಟು ಹೋದದ್ದೆಲ್ಲ ಮೊದಲ ಮೆಟ್ಟಿಲು. ಇದಕ್ಕೆ ಎ2 ಅನ್ನುತ್ತಾರೆ. ಮನೆಯವರೇ ಗದ್ದೆಗಿಳಿದು ದುಡಿದದ್ದಕ್ಕೆ ಕೂಲಿ ಕಟ್ಟಿ ಸೇರಿಸಿದರೆ ಎರಡನೆಯದು, ಎ2 ಪ್ಲಸ್ ಎಫ್‌ಎಲ್. ಸ್ವಂತ ಜಮೀನನ್ನು ಬೇರೆಯವರಿಗೆ ಕೊಟ್ಟಿದ್ದರೆ ಬರುತ್ತಿದ್ದ ಗುತ್ತಿಗೆ, ಸ್ವಂತ ಬಂಡವಾಳಕ್ಕೆ ಸಿಗುತ್ತಿದ್ದ ಬಡ್ಡಿ, ಇವನ್ನೂ ಸೇರಿಸಿದರೆ ಮೂರನೆಯದು, ಸಿ2.

ಲೆಕ್ಕ ಸುಲಭವಾಗಲಿ ಅಂತ ದುಂಡು ಸಂಖ್ಯೆ ಇಟ್ಟುಕೊಳ್ಳೋಣ. ಒಂದು ಕ್ವಿಂಟಲ್ ಭತ್ತಕ್ಕೆ ಕೈಯಿಂದ ಹೋದದ್ದು 1,200 ರೂಪಾಯಿ. ಮನೆಯವರ ದುಡಿಮೆ 300. ಸ್ವಂತ ಜಮೀನು, ಬಂಡವಾಳದ ಬಾಬ್ತು 500. ಈಗ ಒಂದೂವರೆ ಪಟ್ಟು ಅಂದರೆ ಎಷ್ಟು? ಮೊದಲ ಲೆಕ್ಕದಲ್ಲಿ 1,800. ಎರಡನೆಯದರಲ್ಲಿ 2,250. ಮೂರನೆಯದರಲ್ಲಿ 3,000. ಬೆಳೆ ಅದೇ, ಗದ್ದೆ ಅದೇ. ಆದರೂ ಕ್ವಿಂಟಲ್‌ಗೆ 1,200 ರೂಪಾಯಿ ವ್ಯತ್ಯಾಸ.

ಕೇಂದ್ರ ಸರ್ಕಾರ ಹಿಡಿದಿರುವುದು ಎರಡನೇ ಲೆಕ್ಕ. 2024-25ರಲ್ಲಿ ಭತ್ತದ ಖರ್ಚು 1,533 ರೂಪಾಯಿ ಅಂತ ಇಟ್ಟುಕೊಂಡು 2,300 ರೂಪಾಯಿ ಬೆಂಬಲ ಬೆಲೆ ಘೋಷಿಸಿತು. ರಾಗಿಗೆ 2,860 ಅಂತ ಇಟ್ಟುಕೊಂಡು 4,290. ಗುಣಿಸಿ ನೋಡಿ, ಒಂದೂವರೆ ಪಟ್ಟು ಸರಿಯಾಗಿಯೇ ಇದೆ. ರೈತ ಸಂಘಟನೆಗಳು ಕೇಳುತ್ತಿರುವುದು ಮೂರನೇ ಲೆಕ್ಕ. ಇಬ್ಬರೂ ಹೆಸರು ಹೇಳುವುದು ಎಂ. ಎಸ್. ಸ್ವಾಮಿನಾಥನ್ ಅಧ್ಯಕ್ಷರಾಗಿದ್ದ ರಾಷ್ಟ್ರೀಯ ರೈತ ಆಯೋಗದ್ದೇ. ಆ ಆಯೋಗದ ಶಿಫಾರಸಿನಲ್ಲಿ ಇರುವುದು 'ಸರಾಸರಿ ಉತ್ಪಾದನಾ ವೆಚ್ಚಕ್ಕಿಂತ ಕನಿಷ್ಠ ಶೇ. 50 ಹೆಚ್ಚು' ಅನ್ನುವ ಮಾತು. ಆ ವೆಚ್ಚದೊಳಗೆ ಸ್ವಂತ ಜಮೀನಿನ ಬಾಡಿಗೆ ಸೇರಬೇಕೋ ಬೇಡವೋ, ಜಗಳ ಇರುವುದು ಅಲ್ಲಿ.

ಅದು ನಿಜಕ್ಕೂ ಜಗಳ ಆಡಬೇಕಾದ ಪ್ರಶ್ನೆಯೇ. ಪೇಟೆಯಲ್ಲಿ ಸ್ವಂತ ಮಳಿಗೆಯಲ್ಲಿ ಅಂಗಡಿ ನಡೆಸುವವರು ಲಾಭ ಲೆಕ್ಕ ಹಾಕುವಾಗ ಮಳಿಗೆ ಬಾಡಿಗೆ ಹಿಡಿಯಬೇಕಾ ಬೇಡವಾ? ಹಿಡಿಯಬೇಕು ಅನ್ನುವುದಾದರೆ ರೈತನಿಗೂ ಹಿಡಿಯಬೇಕು. ಹಾಗೆ ಹಿಡಿದರೆ ಅಕ್ಕಿ ಬೆಲೆ ಎಷ್ಟಾಗುತ್ತದೆ, ಪಡಿತರದ ಖರ್ಚು ಎಷ್ಟಾಗುತ್ತದೆ ಅಂತಲೂ ಮಾತಾಡಬೇಕು. ನನ್ನ ಅಭಿಪ್ರಾಯ ಕೇಳಿದರೆ ಜಮೀನಿನ ಬಾಬ್ತು ಸೇರಲೇಬೇಕು ಅನ್ನುತ್ತೇನೆ. ಒಪ್ಪದವರಿಗೂ ಅವರದೇ ಕಾರಣಗಳಿವೆ. "ಕೊಟ್ಟಿದ್ದೇವೆ", "ಕೊಟ್ಟಿಲ್ಲ" ಅನ್ನುವ ಕೂಗಿನಲ್ಲಿ ಈ ಮಾತು ಶುರುವೇ ಆಗುವುದಿಲ್ಲ ಅನ್ನುವುದು ಬೇಸರ.

'ಕೊಡುವುದು' ಅನ್ನುವ ಪದಕ್ಕೂ ಎರಡು ಲೆಕ್ಕ ಇದೆ. ಬೆಲೆ ಘೋಷಿಸಿದರೆ ಸರ್ಕಾರದ ಪಾಲಿಗೆ ಕೊಟ್ಟ ಹಾಗೆ. ಖರೀದಿ ಕೇಂದ್ರ ಸಕಾಲಕ್ಕೆ ತೆರೆದು, ತೂಕ ಹಾಕಿ, ಹಣ ಖಾತೆಗೆ ಬಿದ್ದರೆ ಮಾತ್ರ ರೈತನ ಪಾಲಿಗೆ ಬಂದ ಹಾಗೆ. ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ಸಾಲದವರು ಬಾಗಿಲಿಗೆ ಬಂದು, ಸಿಕ್ಕ ಬೆಲೆಗೆ ಭತ್ತ ಮಾರಿದವನಿಗೆ 2,300 ರೂಪಾಯಿ ಬರೀ ಪೇಪರಿನ ಸಂಖ್ಯೆ. ಬೆಂಬಲ ಬೆಲೆಗೆ ಕಾನೂನಿನ ಖಾತರಿ ಬೇಕು ಅಂತ 2020-21ರ ಹೋರಾಟದಿಂದ ರೈತರು ಕೇಳುತ್ತಿರುವುದು ಇದೇ ಅಂತರ ಮುಚ್ಚಲಿಕ್ಕೆ.

ಕಬ್ಬಿನದ್ದು ಇನ್ನೂ ಸೂಕ್ಷ್ಮ. ಕಬ್ಬು ಬೆಳೆಯುವ ಊರಲ್ಲಿ ಇಂಥ ಮಾತು ದಿನಾ ಕೇಳುತ್ತದೆ.

"ಟನ್‌ಗೆ ಮೂರೂವರೆ ಸಾವ್ರದ ಮೇಲೆ ಮಾಡವ್ರೆ ಅಂತ ಪೇಪರ್‌ನಲ್ಲಿ ಬಂದದಲ್ಲ ಅಣ್ಣ?"

"ಎಲ್ಲಿ ಬಂತಪ್ಪ. ಕಟಾವು ಕೂಲಿ, ಲಾರಿ ಬಾಡ್ಗೆ ಹೋದ್ಮೇಲೆ ಕೈಗೆ ಏನ್ ಬತ್ತದೆ ಅದ ಹೇಳು."

ಇಬ್ಬರೂ ಸರಿ. ಕಬ್ಬಿಗೆ ಕೇಂದ್ರ ನಿಗದಿ ಮಾಡುವ ಬೆಲೆಗೆ ಎಫ್‌ಆರ್‌ಪಿ ಅನ್ನುತ್ತಾರೆ, ಅಂದರೆ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ. 2025-26ರ ಹಂಗಾಮಿಗೆ ಅದು ಕ್ವಿಂಟಲ್‌ಗೆ 355 ರೂಪಾಯಿ, ಟನ್‌ಗೆ 3,550. ಆದರೆ ಈ ಬೆಲೆಗೆ ಎರಡು ಬಾಲ ಇವೆ. ಒಂದು, ನೂರು ಕೆ.ಜಿ. ಕಬ್ಬು ಅರೆದರೆ 10.25 ಕೆ.ಜಿ. ಸಕ್ಕರೆ ಬರಬೇಕು. ಇದಕ್ಕೆ ಇಳುವರಿ ಅನ್ನುತ್ತಾರೆ, ರೈತರ ಬಾಯಲ್ಲಿ ರಿಕವರಿ. ಅದು ಕಮ್ಮಿಯಾದರೆ ಬೆಲೆ ಇಳಿಯುತ್ತದೆ. ಶೇ. 9.5 ಅಥವಾ ಅದಕ್ಕಿಂತ ಕೆಳಗಿದ್ದರೆ ಕ್ವಿಂಟಲ್‌ಗೆ 329.05 ರೂಪಾಯಿ. ಎರಡನೆಯದು, ಇದು ಕಾರ್ಖಾನೆ ಬಾಗಿಲಿನ ಬೆಲೆ. ಗದ್ದೆಯಿಂದ ಅಲ್ಲಿಯವರೆಗಿನ ಕಟಾವು, ಸಾಗಾಣಿಕೆ ಖರ್ಚು ಇದರಲ್ಲೇ ಕಳೆಯುತ್ತದೆ.

ರೈತ ಗದ್ದೆ ಬದುವಿನಲ್ಲಿ ನಿಂತು ಬೆಲೆ ಕೇಳುತ್ತಾನೆ. ಆದೇಶ ಕಾರ್ಖಾನೆ ಗೇಟಿನಲ್ಲಿ ನಿಂತು ಬೆಲೆ ಹೇಳುತ್ತದೆ. ನಡುವಿನ ದಾರಿ ಖರ್ಚು ಯಾರದ್ದು? 2025ರ ನವೆಂಬರ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ರೈತರು ಟನ್‌ಗೆ 3,500 ರೂಪಾಯಿ ಬೇಕು ಅಂತ ಬೀದಿಗಿಳಿದಾಗ, "ಎಫ್‌ಆರ್‌ಪಿನೇ 3,550 ಇದೆಯಲ್ಲ, ಇವರು ಕಮ್ಮಿ ಕೇಳ್ತಿದ್ದಾರಾ?" ಅಂತ ಪೇಟೆಯ ಜನಕ್ಕೆ ಗೊಂದಲವಾಗಿದ್ದರೆ ಆಶ್ಚರ್ಯವಿಲ್ಲ. ರೈತರು ಕೇಳಿದ್ದು ಕಟಾವು, ಸಾಗಾಣಿಕೆ ಕಳೆದು ಕೈಗೆ ಬರುವ 3,500. ಮೈಷುಗರ್ ಕಾರ್ಖಾನೆ ಇರುವ ಮಂಡ್ಯದಲ್ಲಿ ಇದನ್ನು ಬಿಡಿಸಿ ಹೇಳುವ ಅಗತ್ಯ ಇಲ್ಲ. ಬೆಂಗಳೂರಿನಲ್ಲಿ ಕೂತು ಸುದ್ದಿ ನೋಡುವವರಿಗೆ ಹೇಳಬೇಕು.

ಇಷ್ಟು ಹೊತ್ತು 'ರೈತ' ಅಂದೆ. ಆ ರೈತ ಯಾರು?

1974ರಲ್ಲಿ ದೇವರಾಜ ಅರಸು ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದಾಗ ಊರೂರಲ್ಲಿ ಕೇಳಿಬಂದ ಘೋಷಣೆ 'ಉಳುವವನೇ ಭೂಮಿಯ ಒಡೆಯ'. ಹುಣಸೂರಿನ ಕಡೆಯ ಆ ಮನುಷ್ಯನ ಕಾಲದಲ್ಲಿ ಉಳುಮೆಯೇ ಆಧಾರ. ಉಳುತ್ತಿದ್ದಾನೆ, ಆದ್ದರಿಂದ ಅವನು ಒಡೆಯ. ಲಕ್ಷಾಂತರ ಗೇಣಿದಾರರ ಕುಟುಂಬಗಳು ಅದರಿಂದ ನೆಲ ಕಂಡವು. ಈಗ 2019ರಲ್ಲಿ ಬಂದ ಪಿಎಂ ಕಿಸಾನ್ ಯೋಜನೆ ನೋಡಿ. ವರ್ಷಕ್ಕೆ 6,000 ರೂಪಾಯಿ ಸಿಗಬೇಕಾದರೆ ಜಮೀನು ದಾಖಲೆ ನಿಮ್ಮ ಹೆಸರಿನಲ್ಲಿ ಇರಬೇಕು. ಇಲ್ಲಿ ಲೆಕ್ಕ ತಿರುಗಿದೆ. ಒಡೆಯನಾಗಿದ್ದಾನೆ, ಆದ್ದರಿಂದ ಅವನು ರೈತ.

ಇದರಿಂದ ಏನಾಗುತ್ತದೆ ಅಂತ ಹತ್ತಿರದಿಂದ ನೋಡಬೇಕು. ಒಂದು ಊರಲ್ಲಿ ಎರಡು ಎಕರೆ ನಾಲೆ ಬಯಲು ಇದೆ ಅನ್ನಿ. ಪಹಣಿಯಲ್ಲಿ ಇರುವ ಹೆಸರು ಮೈಸೂರಿನಲ್ಲಿ ಮನೆ ಕಟ್ಟಿಕೊಂಡು ನೌಕರಿ ಮಾಡುವ ಅಣ್ಣನದ್ದು. ಗದ್ದೆ ಮಾಡುತ್ತಿರುವುದು ಪಕ್ಕದ ಕೇರಿಯ ಹೆಂಗಸು. ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ ಮಾಡುತ್ತಿದ್ದಾರೆ, ಬಾಯಿ ಮಾತಿನಲ್ಲಿ. ಕಾಗದ ಯಾಕಿಲ್ಲ ಅಂದರೆ ಕರ್ನಾಟಕದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ಕಾಯ್ದೆಯಲ್ಲೇ ನಿಷೇಧ ಇದೆ, ಕೆಲವೇ ವಿನಾಯಿತಿ ಬಿಟ್ಟರೆ. ಬೆಳೆ ಪರಿಹಾರ ಬಂದರೆ ಪಹಣಿಯವರಿಗೆ. ಸೊಸೈಟಿ ಸಾಲ, ಅದೂ ಪಹಣಿಯವರಿಗೆ. ಮಳೆ ಕೈಕೊಟ್ಟರೆ ನಷ್ಟ ಮಾತ್ರ ಆ ಹೆಂಗಸಿಗೆ. ಸರ್ಕಾರದ ಪುಸ್ತಕದಲ್ಲಿ ಆಕೆ ರೈತಳೇ ಅಲ್ಲ. ಅಜ್ಜನ ಹೆಸರಿನಲ್ಲೇ ಪಹಣಿ ಉಳಿದು, ಪೌತಿ ಖಾತೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರುವುದು) ಆಗದೆ ಅಲೆಯುವ ಮೊಮ್ಮಕ್ಕಳದ್ದೂ ಹೆಚ್ಚು ಕಮ್ಮಿ ಇದೇ ಕಥೆ.

ವಿಚಿತ್ರ ಅಂದರೆ, ಕೇಂದ್ರದ್ದೇ 2007ರ ರಾಷ್ಟ್ರೀಯ ರೈತ ನೀತಿ 'ರೈತ' ಪದವನ್ನು ಬಹಳ ಅಗಲವಾಗಿ ಹಿಡಿದಿದೆ. ಗೇಣಿದಾರರು, ಪಾಲಿಗೆ ಮಾಡುವವರು, ಕೃಷಿ ಕೂಲಿಗಳು, ದನ ಕುರಿ ಸಾಕುವವರು, ಮೀನು ಹಿಡಿಯುವವರು, ರೇಷ್ಮೆ ಬೆಳೆಯುವವರು, ಎಲ್ಲರೂ ಅದರಲ್ಲಿ ರೈತರೇ. ನೀತಿಯಲ್ಲಿ ಒಂದು ಅರ್ಥ, ಹಣ ಹಂಚುವಾಗ ಇನ್ನೊಂದು. 'ರೈತರಿಗೆ ಇಷ್ಟು ಕೋಟಿ ಕೊಟ್ಟೆವು' ಅನ್ನುವ ಜಾಹೀರಾತು ಕಂಡಾಗ ಆ ಹೆಂಗಸು ಆ ಪದದ ಒಳಗಿದ್ದಾರೋ ಹೊರಗಿದ್ದಾರೋ ಅಂತ ಕೇಳಲೇಬೇಕು. ಪದದ ಬೇಲಿ ಎಲ್ಲಿ ಹಾಕಬೇಕು ಅನ್ನುವ ಅಧಿಕಾರ ಯಾರ ಕೈಯಲ್ಲಿದೆಯೋ, ಹಣ ಯಾರಿಗೆ ಹೋಗಬೇಕು ಅನ್ನುವುದನ್ನು ತೀರ್ಮಾನಿಸುವವರೂ ಅವರೇ.

ಮನೆಯೊಳಗೂ ಈ ಬೇಲಿ ಬಂದಿದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಯಜಮಾನಿ ಯಾರು? ರೇಷನ್ ಕಾರ್ಡಿನಲ್ಲಿ ಮುಖ್ಯಸ್ಥೆ ಅಂತ ಇರುವವರು. ಅತ್ತೆಯಾ ಸೊಸೆಯಾ ಅನ್ನುವ ಪ್ರಶ್ನೆಗೆ ಎಷ್ಟೋ ಮನೆಗಳಲ್ಲಿ ಅದುವರೆಗೆ ಉತ್ತರ ಬೇಕಾಗಿಯೇ ಇರಲಿಲ್ಲ. ಕಾರ್ಡು ಉತ್ತರ ಕೊಟ್ಟಿತು.

'ನಷ್ಟ' ಅನ್ನುವ ಪದಕ್ಕೆ ಬರೋಣ. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಆಮೇಲೆ ನಡೆದ ಕೇಂದ್ರ, ರಾಜ್ಯಗಳ ಜಟಾಪಟಿಯಲ್ಲಿ ಮೂರು ಸಂಖ್ಯೆಗಳು ಓಡಾಡಿದವು. ಆದ ನಷ್ಟ 35,162 ಕೋಟಿ ಅಂತ ರಾಜ್ಯದ ಅಂದಾಜು. ಕೇಂದ್ರದ ಹತ್ತಿರ ಕೇಳಿದ್ದು 18,171 ಕೋಟಿ. 2024ರ ಏಪ್ರಿಲ್‌ನಲ್ಲಿ, ರಾಜ್ಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, ಬಂದದ್ದು ಸುಮಾರು 3,454 ಕೋಟಿ. ಮೊದಲನೆಯದಕ್ಕೂ ಎರಡನೆಯದಕ್ಕೂ ಇಷ್ಟು ಅಂತರ ಯಾಕೆ? ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ನಷ್ಟ ಅಂದರೆ ಹೋದ ಬೆಳೆಯ ಪೂರ್ತಿ ಬೆಲೆ ಅಲ್ಲ. ಆಗಿನ ದರ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರ್‌ಗೆ 8,500 ರೂಪಾಯಿ, ನೀರಾವರಿಗೆ 17,000, ತೋಟದ ಬೆಳೆಗೆ 22,500. ಅದೂ ಎರಡು ಹೆಕ್ಟೇರ್‌ವರೆಗೆ ಮಾತ್ರ. ಅದಕ್ಕೆ ಇನ್‌ಪುಟ್ ಸಬ್ಸಿಡಿ ಅನ್ನುವ ಹೆಸರಿದೆ. ಮುಂದಿನ ಬಿತ್ತನೆಗೆ ಕೈ ಹಿಡಿಯುವ ಸಹಾಯ ಅದು. ಜನ ಅದನ್ನು ಬೆಳೆ ಪರಿಹಾರ ಅನ್ನುತ್ತಾರೆ, ಹೋದದ್ದಕ್ಕೆ ಪರಿಹಾರ ಅಂದುಕೊಳ್ಳುತ್ತಾರೆ. ಕೈಗೆ ಬಂದ ಹಣ ನೋಡಿ ಮೋಸ ಹೋದೆವು ಅನ್ನಿಸುತ್ತದೆ. ಅನ್ನಿಸುವುದು ಸಹಜ.

ಬರ ಅನ್ನುವುದಕ್ಕೂ 2016ರ ಕೇಂದ್ರದ ಬರ ಕೈಪಿಡಿಯಲ್ಲಿ ಅಳತೆ ಇದೆ. ಮಳೆ ಕೊರತೆ, ಮಣ್ಣಿನ ತೇವ, ಉಪಗ್ರಹದಲ್ಲಿ ಕಾಣುವ ಹಸಿರು, ಜಲಾಶಯದ ನೀರು, ಇವೆಲ್ಲ ನೋಡಿ ಸಾಧಾರಣ ಬರವೋ ತೀವ್ರ ಬರವೋ ಅಂತ ನಿರ್ಧರಿಸುತ್ತಾರೆ. ರಾಷ್ಟ್ರೀಯ ನಿಧಿಯ ಬಾಗಿಲು ತೆರೆಯುವುದು ತೀವ್ರ ಬರಕ್ಕೆ ಮಾತ್ರ. ಒಣಗಿದ ಹುರುಳಿ ಹೊಲದಲ್ಲಿ ನಿಂತವನಿಗೆ ಸಾಧಾರಣ ಬರ ಅನ್ನುವುದು ಇಲ್ಲವೇ ಇಲ್ಲ.

ಇಲ್ಲಿಯವರೆಗಿನ ಪದಗಳಿಗೆ ಒಂದು ಅನುಕೂಲ ಇದೆ. ಎಲ್ಲೋ ಒಂದು ಆದೇಶದಲ್ಲಿ, ಕೈಪಿಡಿಯಲ್ಲಿ ಅವುಗಳ ಅರ್ಥ ಬರೆದಿದೆ. ಹುಡುಕಿ ಓದಿದರೆ ಅರ್ಧ ಜಗಳ ತಿಳಿಯಾಗುತ್ತದೆ. ಇನ್ನು ಕೆಲವು ಪದಗಳು ಹಾಗಲ್ಲ. ಅವಕ್ಕೆ ಎಲ್ಲರೂ ಒಪ್ಪುವ ಅರ್ಥ ಇರಲಿಕ್ಕೇ ಸಾಧ್ಯವಿಲ್ಲ. ನ್ಯಾಯ, ಸಮಾನತೆ, ಪ್ರಜಾಪ್ರಭುತ್ವ, ಅಭಿವೃದ್ಧಿ, ಹಿಂದುಳಿದಿರುವಿಕೆ. ಬ್ರಿಟಿಷ್ ತತ್ವಜ್ಞಾನಿ ಡಬ್ಲ್ಯು. ಬಿ. ಗ್ಯಾಲಿ 1956ರಲ್ಲಿ ಇಂಥ ಪದಗಳ ಬಗ್ಗೆ ಬರೆದಿದ್ದರು. ಎಲ್ಲರೂ ಇವನ್ನು ಒಳ್ಳೆಯದು ಅಂತ ಒಪ್ಪುತ್ತಾರೆ. ಆ ಒಳ್ಳೆಯದರಲ್ಲಿ ಯಾವ ಅಂಶಕ್ಕೆ ಜಾಸ್ತಿ ತೂಕ ಅನ್ನುವುದರಲ್ಲಿ ಮಾತ್ರ ಕೊನೆಯಿಲ್ಲದ ಜಗಳ. ಆ ಜಗಳ ಆ ಪದದ ಸ್ವಭಾವದಲ್ಲೇ ಇದೆ ಅಂತ ಅವರ ವಾದ.

ಮೈಸೂರಿನಲ್ಲಿ ಇದು ನೂರು ವರ್ಷಕ್ಕೂ ಹಿಂದೆ ನಡೆದು ಹೋಗಿದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸರ್ಕಾರ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರಿಗೆ ಜಾಗ ಸಿಗುವಂತೆ ಮಾಡುವುದು ಹೇಗೆ ಅನ್ನುವುದು ಅದರ ಮುಂದಿದ್ದ ಪ್ರಶ್ನೆ. ಹಿಂದುಳಿದವರು ಯಾರು? ಸರ್ಕಾರಿ ಸೇವೆಯಲ್ಲಿ ಸಾಕಷ್ಟು ಪ್ರಾತಿನಿಧ್ಯ ಇಲ್ಲದ, ಬ್ರಾಹ್ಮಣರನ್ನು ಬಿಟ್ಟು ಉಳಿದ ಎಲ್ಲ ಸಮುದಾಯಗಳು ಅಂತ ಸಮಿತಿ ಅರ್ಥ ಮಾಡಿತು. ಬಡತನದ ಮಾತು ಅಲ್ಲಿರಲಿಲ್ಲ. ಕಚೇರಿ ಕುರ್ಚಿಗಳಲ್ಲಿ ಯಾರಿದ್ದಾರೆ, ಯಾರಿಲ್ಲ ಅನ್ನುವುದು ಅಳತೆ. ಅಂದಿನ ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಅವರ ಅಳತೆ ಅರ್ಹತೆ. ಅದೇ ವರ್ಷ ಅವರು ದಿವಾನಗಿರಿ ಬಿಟ್ಟರು. ನಾಲ್ವಡಿಯವರದೂ ವಿಶ್ವೇಶ್ವರಯ್ಯನವರದೂ ಫೋಟೋಗಳನ್ನು ಮಂಡ್ಯ, ಮೈಸೂರಿನ ಜನ ಒಂದೇ ಮನೆಯಲ್ಲಿ ಹಾಕುತ್ತಾರೆ. ಇಬ್ಬರೂ ರಾಜ್ಯದ ಒಳಿತು ಬಯಸಿದವರೇ. 'ನ್ಯಾಯವಾದ ನೇಮಕಾತಿ' ಅನ್ನುವುದಕ್ಕೆ ಇಬ್ಬರ ಮನಸ್ಸಿನಲ್ಲಿದ್ದ ಅರ್ಥ ಬೇರೆ.

ಆ ಪದ ಅಲ್ಲಿಗೇ ನಿಲ್ಲಲಿಲ್ಲ. 1962ರಲ್ಲಿ ಮೈಸೂರು ರಾಜ್ಯ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ. 68 ಸೀಟು ಮೀಸಲಿಟ್ಟಿತು. ಅದೇ ವರ್ಷ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಹಿಂದುಳಿದಿರುವುದನ್ನು ಅಳೆಯಲು ಜಾತಿ ಒಂದೇ ಸಾಲದು ಅಂದಿತು. ಈಗಂತೂ ಒಂದೇ ಸಂಖ್ಯೆ ಎರಡು ಕಡೆ ಎರಡು ಕೆಲಸ ಮಾಡುತ್ತಿದೆ. ಕೇಂದ್ರದ ನಿಯಮದಲ್ಲಿ ಹಿಂದುಳಿದ ವರ್ಗದವರ ವರಮಾನ 8 ಲಕ್ಷ ದಾಟಿದರೆ ಕೆನೆಪದರ, ಅಂದರೆ ಅನುಕೂಲಸ್ಥರು. 2019ರಿಂದ ಬಂದ ಆರ್ಥಿಕ ದುರ್ಬಲರ ಮೀಸಲಾತಿಯಲ್ಲಿ 8 ಲಕ್ಷಕ್ಕಿಂತ ಕಮ್ಮಿ ಇದ್ದರೆ ದುರ್ಬಲರು. "ಎರಡೂ ಒಂದೇ ಗೆರೆಯಲ್ವಾ?" ಅನ್ನಿಸಬಹುದು. ಒಳಗೆ ನೋಡಿದರೆ 'ವರಮಾನ' ಅನ್ನುವುದೇ ಬೇರೆ. ಕೆನೆಪದರದ ಲೆಕ್ಕದಲ್ಲಿ ಸಂಬಳ, ಬೇಸಾಯದ ಆದಾಯ ಸೇರುವುದಿಲ್ಲ, ತಂದೆ ತಾಯಿಯ ಹುದ್ದೆಯ ದರ್ಜೆಯನ್ನು ಬೇರೆಯಾಗಿ ನೋಡುತ್ತಾರೆ. ಇನ್ನೊಂದರಲ್ಲಿ ಎಲ್ಲ ಮೂಲದ ಆದಾಯವೂ ಸೇರುತ್ತದೆ, ಮೇಲೆ ಐದು ಎಕರೆ ಜಮೀನಿನ ಮಿತಿಯೂ ಇದೆ. ಇದನ್ನು ಹೇಳದೆ "ಅವರಿಗೂ ಎಂಟು, ಇವರಿಗೂ ಎಂಟು" ಅಂತ ಯಾವ ಕಡೆಯವರು ವಾದ ಮಾಡಿದರೂ ಅದು ಅರ್ಧ ಮಾತು.

ಅಭಿವೃದ್ಧಿಗೆ ಬೆಂಗಳೂರು–ಮೈಸೂರು ಹೆದ್ದಾರಿಯೇ ಸಾಕ್ಷಿ. 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲೇ ಪ್ರಧಾನಿ ಅದನ್ನು ಉದ್ಘಾಟಿಸಿದರು. ಊರಿಂದ ಊರಿಗೆ ಬೇಗ ತಲುಪುವುದು ಅಭಿವೃದ್ಧಿ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್ ಓಡಾಡುವ ಹಾಗಿಲ್ಲ. ಅಪಘಾತ ತಡೆಯುವುದು ಅದಕ್ಕೆ ಕಾರಣ, ಒಪ್ಪುತ್ತೇನೆ. ಆದರೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನಿಗೂ ಮದ್ದೂರಿನ ಹಳೇ ರಸ್ತೆಯಲ್ಲಿ ಹೋಟೆಲ್ ಇಟ್ಟವನಿಗೂ ಅಭಿವೃದ್ಧಿಯ ಲೆಕ್ಕ ನಿಮಿಷಗಳಲ್ಲಿ ಇಲ್ಲ. "ಅಭಿವೃದ್ಧಿ ಬೇಕಾ ಬೇಡವಾ?" ಅಂತ ಅವರನ್ನು ಕೇಳುವುದು ಪ್ರಶ್ನೆಯೇ ಅಲ್ಲ. ಯಾರಿಗೆ ಏನು ಸಿಕ್ಕಿತು, ಯಾರಿಗೆ ಏನು ಹೋಯಿತು ಅಂತ ಕೇಳಿದರೆ ಮಾತು ಮುಂದೆ ಹೋಗುತ್ತದೆ.

ಪದಗಳನ್ನು ಬೇಕೆಂದೇ ಬಗ್ಗಿಸುವುದೂ ಉಂಟು. ಅಮೆರಿಕದ ತತ್ವಜ್ಞಾನಿ ಸಿ. ಎಲ್. ಸ್ಟೀವನ್ಸನ್ 1938ರಲ್ಲೇ ಇದನ್ನು ಗುರುತಿಸಿದ್ದರು. ಪದದ ಜೊತೆ ಅಂಟಿಕೊಂಡ ಗೌರವವೋ ತಿರಸ್ಕಾರವೋ ಹಾಗೇ ಇರುತ್ತದೆ, ಅರ್ಥವನ್ನು ಮಾತ್ರ ಮೆಲ್ಲಗೆ ಬದಲಾಯಿಸುತ್ತಾರೆ. ಇದರ ಗುರುತು ಸಾಮಾನ್ಯವಾಗಿ 'ನಿಜವಾದ' ಅನ್ನುವ ಮಾತು. "ನಿಜವಾದ ರೈತ ಬೀದಿಗೆ ಬರಲ್ಲ." "ನಿಜವಾದ ದೇಶಭಕ್ತ ಪ್ರಶ್ನೆ ಕೇಳಲ್ಲ." "ನಿಜವಾದ ಕನ್ನಡಿಗ ಆ ಪಕ್ಷಕ್ಕೆ ಓಟು ಹಾಕಲ್ಲ." ಇಂಥ ಮಾತಿನಲ್ಲಿ ವಾದ ಇರುವುದಿಲ್ಲ. ಎದುರಿಗಿರುವವರನ್ನು ಪದದ ಬೇಲಿಯಿಂದ ಆಚೆ ತಳ್ಳುವುದಷ್ಟೇ ಇರುತ್ತದೆ.

'ಬಿಟ್ಟಿ' ಅನ್ನುವುದೂ ಈ ಜಾತಿಯದ್ದೇ. ಹೆಂಗಸರಿಗೆ ಬಸ್ಸು ಉಚಿತವಾದರೆ ಬಿಟ್ಟಿ ಭಾಗ್ಯ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ರಾಜ್ಯದಲ್ಲಿ ವರ್ಷಗಳಿಂದ ಕರೆಂಟ್ ಉಚಿತ, ಅದು ಸಬ್ಸಿಡಿ. 2019ರಲ್ಲಿ ಕಂಪನಿ ತೆರಿಗೆಯ ಮೂಲ ದರ ಶೇ. 30ರಿಂದ 22ಕ್ಕೆ ಇಳಿಯಿತು, ಅದು ಪ್ರೋತ್ಸಾಹ. ಮೂರರಲ್ಲೂ ಬೊಕ್ಕಸದ ಹಣ ಬಿಟ್ಟುಕೊಟ್ಟದ್ದೇ. ಮೂರೂ ಒಂದೇ ಅಂತ ನಾನು ಹೇಳುತ್ತಿಲ್ಲ. ಯಾವುದರಿಂದ ಎಷ್ಟು ಪ್ರಯೋಜನ ಅಂತ ಬೇರೆ ಬೇರೆಯಾಗಿ ಅಳೆಯಬಹುದು, ಅಳೆಯಬೇಕು. ಹೆಸರು ಇಟ್ಟ ಮೇಲೆ ಅಳೆಯುವ ಮನಸ್ಸೇ ಹೋಗುತ್ತದೆ, ತೊಂದರೆ ಅದು. ಚುನಾವಣಾ ಉಚಿತ ಕೊಡುಗೆಗಳ ವಿಷಯವನ್ನು ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. ಯಾವುದು ಉಚಿತ ಕೊಡುಗೆ, ಯಾವುದು ಕಲ್ಯಾಣ ಅಂತ ಗೆರೆ ಎಳೆಯುವುದು ಅಲ್ಲಿಯೂ ಸುಲಭವಾಗಿಲ್ಲ.

ಹಾಗಾದರೆ ಮಾತು ಶುರು ಮಾಡುವ ಮುಂಚೆ ಪದಕೋಶ ತೆಗೆದುಕೊಂಡು ಕೂರಬೇಕಾ? ಬೇಡ. ಪದಕೋಶದಲ್ಲಿ ಸಿ2 ಇರುವುದಿಲ್ಲ. ಕಟಾವು ಕೂಲಿ ಯಾರದ್ದು ಅಂತಲೂ ಇರುವುದಿಲ್ಲ. ಎದುರಿಗಿರುವವರನ್ನು "ಯಾವ ಲೆಕ್ಕದಲ್ಲಿ ಹೇಳ್ತಿದ್ದೀರಿ?" ಅಂತ ಕೇಳಬೇಕು. ಅದನ್ನು ಸೋಲಿಸಲಿಕ್ಕೆ ಕೇಳಬಾರದು, ತಿಳಿದುಕೊಳ್ಳಲಿಕ್ಕೆ ಕೇಳಬೇಕು. ಇನ್ನೊಂದು ದಾರಿ, ಆ ಪದವನ್ನೇ ಸ್ವಲ್ಪ ಹೊತ್ತು ಬಿಟ್ಟು ಮಾತಾಡಿ ನೋಡುವುದು. 'ಬಿಟ್ಟಿ' ಅನ್ನದೆ, 'ಪ್ರೋತ್ಸಾಹ' ಅನ್ನದೆ, ಈ ಹಣ ಯಾರಿಗೆ ಹೋಗುತ್ತದೆ, ಯಾಕೆ ಹೋಗಬೇಕು ಅಂತ ಮಾತ್ರ ಹೇಳಿ. ಭಿನ್ನಾಭಿಪ್ರಾಯ ಹಾಗೇ ಉಳಿದರೆ ಅದು ನಿಜವಾಗಿ ಇದ್ದದ್ದು. ಕರಗಿದರೆ ಜಗಳ ಇದ್ದದ್ದು ಬರೀ ಪದದಲ್ಲಿ. ಇದಕ್ಕೂ ಮಿತಿ ಇದೆ. ಅರ್ಥ ಕೇಳುವ ನೆಪದಲ್ಲಿ ಮಾತನ್ನೇ ಮುಂದೂಡುವವರೂ ಇದ್ದಾರೆ. "ಬಡತನ ಅಂದರೇನು ಮೊದಲು ಹೇಳಿ" ಅನ್ನುತ್ತಾ ಕೂತರೆ ಹಸಿದವನ ಊಟಕ್ಕೆ ತಡವಾಗುತ್ತದೆ.

ಎಲ್ಲಕ್ಕಿಂತ ಗಂಟು ಗಂಟಾಗಿರುವುದು ಕಾವೇರಿ. "ಒಂದು ಹನಿ ನೀರೂ ಬಿಡಲ್ಲ" ಅಂತ ಒಬ್ಬರು, "ನೀರು ಬಿಟ್ಟೇಬಿಟ್ರು" ಅಂತ ಇನ್ನೊಬ್ಬರು. 'ಬಿಡುವುದು' ಅಂದರೆ ಏನು? ನಮ್ಮ ಕಣ್ಣಿಗೆ ಅದು ಕೆಆರ್‌ಎಸ್ ಗೇಟು ಎತ್ತುವುದು. ಕಾನೂನಿನ ಲೆಕ್ಕ ನಡೆಯುವುದು ತಮಿಳುನಾಡು ಗಡಿಯ ಬಿಳಿಗುಂಡ್ಲುವಿನ ಮಾಪನ ಕೇಂದ್ರದಲ್ಲಿ. ಕಬಿನಿಯಿಂದ ಬಂದದ್ದು, ಅಣೆಕಟ್ಟೆಗಳ ಕೆಳಗೆ ಮಳೆ ಬಿದ್ದು ಹೊಳೆಗೆ ಸೇರಿದ್ದು, ಎಲ್ಲವೂ ಅಲ್ಲಿ ಹರಿದು ಹೋದರೆ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಕೆಆರ್‌ಎಸ್‌ನಿಂದ ಬಿಡದೆಯೂ ತಮಿಳುನಾಡಿಗೆ ನೀರು ಹೋಗಬಹುದು. ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 5,000 ಕ್ಯುಸೆಕ್ ಅಂತ ಪೇಪರಿನಲ್ಲಿ ಬಂದರೆ ಅದು 24 ಗಂಟೆಯೂ ಅದೇ ವೇಗದಲ್ಲಿ ಹರಿಯುವ ನೀರು. 15 ದಿನಕ್ಕೆ ಸುಮಾರು ಆರೂವರೆ ಟಿಎಂಸಿ ಆಗುತ್ತದೆ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಕೆಆರ್‌ಎಸ್ ಪೂರ್ತಿ ತುಂಬಿದರೆ ಹಿಡಿಯುವುದು 49.45 ಟಿಎಂಸಿ.

ಜಗಳದ ಬೇರು ಇರುವುದು 'ಸಾಮಾನ್ಯ ವರ್ಷ' ಅನ್ನುವ ಮಾತಿನಲ್ಲಿ. 2007ರ ಅಂತಿಮ ತೀರ್ಪಿನಲ್ಲಿ ನ್ಯಾಯಮಂಡಳಿ ಇಡೀ ಕಣಿವೆಗೆ 740 ಟಿಎಂಸಿ ಇಟ್ಟುಕೊಂಡು ಪಾಲು ಮಾಡಿತು. ಎರಡರಲ್ಲಿ ಒಂದು ವರ್ಷ ಅಷ್ಟು ನೀರು ಬರುತ್ತದೆ ಅನ್ನುವ ಲೆಕ್ಕ ಅದು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಬಿಳಿಗುಂಡ್ಲುವಿನಲ್ಲಿ ಕೊಡಬೇಕಾದದ್ದನ್ನು 192ರಿಂದ 177.25 ಟಿಎಂಸಿಗೆ ಇಳಿಸಿತು. ತಿಂಗಳವಾರು ಪಟ್ಟಿಯಲ್ಲಿ ಆಗಸ್ಟ್ ಒಂದಕ್ಕೇ 45.95 ಇದೆ. ಇದೆಲ್ಲ ಸಾಮಾನ್ಯ ವರ್ಷದ ಪಟ್ಟಿ. ಸಂಕಷ್ಟದ ವರ್ಷದಲ್ಲಿ ಅವರವರ ಪಾಲು ಅದೇ ಪ್ರಮಾಣದಲ್ಲಿ ಕಮ್ಮಿಯಾಗಬೇಕು ಅಂತ ತೀರ್ಪು ಹೇಳುತ್ತದೆ. ಆದರೆ 2023ರ ಸೆಪ್ಟೆಂಬರ್‌ನಲ್ಲಿ ಮಂಡ್ಯ ಬಂದ್, ಬೆಂಗಳೂರು ಬಂದ್, ಕರ್ನಾಟಕ ಬಂದ್ ಒಂದರ ಹಿಂದೆ ಒಂದು ನಡೆದಾಗಲೂ ಸಂಕಷ್ಟ ಸೂತ್ರ ಬೇಕು ಅನ್ನುವ ಕೂಗು ಮುಗಿದಿರಲಿಲ್ಲ. ನಮ್ಮ ಕಡೆಯ ವಾದ, ನೈರುತ್ಯ ಮಳೆ ಕೈಕೊಟ್ಟರೆ ನಮಗೆ ಆ ವರ್ಷವೇ ಮುಗಿಯಿತು, ಅವರಿಗೆ ಈಶಾನ್ಯ ಮಳೆ ಇನ್ನೂ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅವರ ವಾದ, ಪಟ್ಟಿಯಂತೆ ಆ ತಿಂಗಳಿಗೆ ಎಷ್ಟು ಬರಬೇಕಿತ್ತೋ ಅದರಲ್ಲಿ ಒಳಹರಿವಿನ ಕೊರತೆಯಷ್ಟನ್ನು ಮಾತ್ರ ಕಳೆಯಿರಿ, ಕುರುವೈ ಭತ್ತದ ಬೆಳೆ ಒಣಗುತ್ತಿದೆ. ತಂಜಾವೂರಿನ ರೈತನೂ ಕೂತು ಆಕಾಶ ನೋಡುವವನೇ.

ಅರ್ಥ ಬದಲಾದರೆ ನೀರೂ ಬದಲಾಗುತ್ತದೆ ಅನ್ನುವುದಕ್ಕೆ ಅದೇ 2018ರ ತೀರ್ಪಿನಲ್ಲಿ ಉದಾಹರಣೆ ಇದೆ. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯೊಳಗೆ ಬರುತ್ತದೆ ಅಂತ ನ್ಯಾಯಮಂಡಳಿ ಅಷ್ಟಕ್ಕೆ ಮಾತ್ರ ಕುಡಿಯುವ ನೀರಿನ ಲೆಕ್ಕ ಹಾಕಿತ್ತು. ನಗರವನ್ನು ಹಾಗೆ ಕತ್ತರಿಸಿ ನೋಡುವುದು ಸರಿಯಲ್ಲ ಅಂತ ಕೋರ್ಟ್ ಇಡೀ ಬೆಂಗಳೂರನ್ನು ಲೆಕ್ಕಕ್ಕೆ ಹಿಡಿಯಿತು. ಅದೊಂದರಿಂದ ಕರ್ನಾಟಕಕ್ಕೆ 4.75 ಟಿಎಂಸಿ ಜಾಸ್ತಿ ಸಿಕ್ಕಿತು. ಇದು ಬೀದಿಯಲ್ಲಿ ಟೈರು ಸುಟ್ಟು ಬಂದದ್ದಲ್ಲ, 'ಕಣಿವೆಯೊಳಗಿನ ಊರು' ಅಂದರೆ ಯಾವುದು ಅಂತ ಕಾಗದ ಹಿಡಿದು ವಾದ ಮಾಡಿದ್ದರಿಂದ ಬಂದದ್ದು.

ಸಂಕಷ್ಟ ಅನ್ನುವ ಪದಕ್ಕೆ ಅಂಥದ್ದೇ ಕೆಲಸ ಬಾಕಿ ಇದೆ. ಯಾವ ತಿಂಗಳಲ್ಲಿ ಸಂಕಷ್ಟ ಅಂತ ಘೋಷಿಸಬೇಕು, ಜುಲೈ ಕೊನೆಗೋ ಸೆಪ್ಟೆಂಬರ್ ಕೊನೆಗೋ? ಕೊರತೆಯನ್ನು ಕರ್ನಾಟಕದ ನಾಲ್ಕೂ ಜಲಾಶಯದ (ಕೆಆರ್‌ಎಸ್, ಕಬಿನಿ, ಹೇಮಾವತಿ, ಹಾರಂಗಿ) ಒಳಹರಿವಿನಲ್ಲಿ ಅಳೆಯಬೇಕೋ, ಮಳೆಯಲ್ಲೋ? ಕುಡಿಯುವ ನೀರನ್ನು ಮೊದಲೇ ತೆಗೆದಿಟ್ಟು ಉಳಿದದ್ದನ್ನು ಪಾಲು ಮಾಡಬೇಕೋ, ಪಾಲು ಮಾಡಿದ ಮೇಲೆ ಅವರವರ ಪಾಲಿನಲ್ಲಿ ಕುಡಿಯಬೇಕೋ? ತಮಿಳುನಾಡಿನ ಮೆಟ್ಟೂರು ಅಣೆಕಟ್ಟೆಯಲ್ಲಿ ಈಗಾಗಲೇ ಇರುವ ನೀರು ಲೆಕ್ಕಕ್ಕೆ ಬರಬೇಕೋ ಬೇಡವೋ? ಕೆಆರ್‌ಎಸ್ ತುಂಬಿ ಮಂಡ್ಯದ ವಿಸಿ (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರು ಹರಿಯುವ ವರ್ಷ ಇವನ್ನು ಯಾರೂ ಕೇಳುವುದಿಲ್ಲ. ಕೇಳಿ, ಚರ್ಚೆ ಮಾಡಿ, ಬರೆದಿಡಬೇಕಾದದ್ದು ಆ ವರ್ಷದಲ್ಲೇ.